ಗಡಿ ದಾಟಿದ ವಕೀಲ: ಎಸ್. ನಿಜಲಿಂಗಪ್ಪನವರ ಮತಕ್ಷೇತ್ರಗಳು

ಎಸ್. ನಿಜಲಿಂಗಪ್ಪನವರ ಹೆಸರೆತ್ತಿದರೆ ಮಾತು ನೇರವಾಗಿ 1969ರ ಕಾಂಗ್ರೆಸ್ ಒಡಕಿಗೆ ಹೋಗುತ್ತದೆ. ಅದಕ್ಕೆ ಮುಂಚೆ ಚಿತ್ರದುರ್ಗದ ಈ ವಕೀಲರು ಎಲ್ಲೆಲ್ಲಿಂದ ಆರಿಸಿಬಂದರು ಎಂಬುದನ್ನು ಸಾಲಾಗಿ ಇಟ್ಟು ನೋಡಿದರೆ, ಏಕೀಕರಣದ ರಾಜಕಾರಣ ವೇದಿಕೆಯ ಭಾಷಣಗಳಿಗಿಂತ ಸ್ಪಷ್ಟವಾಗಿ ಕಾಣುತ್ತದೆ.

ಹುಟ್ಟಿದ್ದು 1902ರಲ್ಲಿ, ಹರಪನಹಳ್ಳಿ ತಾಲ್ಲೂಕಿನ ಹಲುವಾಗಲಿನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯ. ಬಿ.ಎ. ಓದಿದ್ದು ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ. ಕಾನೂನು ಪದವಿ ಮುಂಬಯಿ ಪ್ರಾಂತ್ಯದ ಪುಣೆಯಲ್ಲಿ, 1926ರಲ್ಲಿ. ಕನ್ನಡನಾಡು ಹಂಚಿಹೋಗಿದ್ದ ಆಡಳಿತಗಳಲ್ಲಿ ಮೂರರ ಪರಿಚಯ ಅವರಿಗೆ ಕರಿಕೋಟು ತೊಡುವ ಮೊದಲೇ ಆಗಿತ್ತು.

1939ರಲ್ಲಿ ತುರುವನೂರಿನಲ್ಲಿ ಈಚಲು ಮರ ಕಡಿಯುವ ಅರಣ್ಯ ಸತ್ಯಾಗ್ರಹ ನಡೆಯಿತು. ಜೈಲು ಸೇರಿದವರಲ್ಲಿ ನಿಜಲಿಂಗಪ್ಪನವರೂ ಒಬ್ಬರು. ವಕೀಲಿ ಸನ್ನದೂ ಹೋಯಿತು.

ಮುಂದಿನ ಹೆಜ್ಜೆ ಕುತೂಹಲಕರ. ಮೈಸೂರು ಸಂಸ್ಥಾನದ ಊರಲ್ಲಿ ನೆಲೆಸಿದ್ದ ಅವರು, ಬ್ರಿಟಿಷ್ ಕರ್ನಾಟಕದ ಜಿಲ್ಲೆಗಳನ್ನು ಪ್ರತಿನಿಧಿಸುತ್ತಿದ್ದ ಕರ್ನಾಟಕ ಪ್ರದೇಶ ಕಾಂಗ್ರೆಸ್ಸಿಗೆ 1946ರಲ್ಲಿ ಅಧ್ಯಕ್ಷರಾದರು. ಸಂವಿಧಾನ ಸಭೆಗೂ ಮುಂಬಯಿ ಪ್ರಾಂತ್ಯದ ಪಟ್ಟಿಯಿಂದಲೇ ಹೋದರು. ಹಳೆ ಮೈಸೂರಿನ ಹಲವು ನಾಯಕರು ಏಕೀಕರಣವನ್ನು ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿ, ಎರಡೂ ಕಡೆ ಕಾಲಿಟ್ಟಿದ್ದ ಈ ವಕೀಲರಿಗೆ ಸಿಕ್ಕ ಅನುಕೂಲ ಸಣ್ಣದಲ್ಲ. 1956ರ ನವೆಂಬರ್ 1ರಂದು ವಿಶಾಲ ಮೈಸೂರಿನ ಮೊದಲ ಮುಖ್ಯಮಂತ್ರಿಯಾಗಿ ಅವರೇ ಪ್ರಮಾಣ ಸ್ವೀಕರಿಸಿದರು.

ಈ ಅನುಕೂಲದ ನಿಜವಾದ ಪರೀಕ್ಷೆ ನಡೆದದ್ದು 1962ರಲ್ಲಿ. ತವರು ಜಿಲ್ಲೆಯ ಹೊಸದುರ್ಗದಲ್ಲಿ ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪ ಅವರ ಎದುರು ಸೋತರು. ಮುಖ್ಯಮಂತ್ರಿಯಾಗಬೇಕಿದ್ದವರೇ ಸದನದ ಹೊರಗೆ! ಹುನಗುಂದದ ಎಸ್.ಆರ್. ಕಂಠಿ ಮಾರ್ಚಿಯಿಂದ ಜೂನ್‌ವರೆಗೆ ಕುರ್ಚಿ ಕಾಯ್ದರು. ಅಷ್ಟರಲ್ಲಿ ಬಾಗಲಕೋಟೆಯ ಸ್ಥಾನ ತೆರವಾಗಿ, ನಿಜಲಿಂಗಪ್ಪ ಅಲ್ಲಿಂದ ಅವಿರೋಧವಾಗಿ ಆಯ್ಕೆಯಾದರು. ಚಿತ್ರದುರ್ಗ ಜಿಲ್ಲೆ ತಿರಸ್ಕರಿಸಿದವರನ್ನು ಹಳೆಯ ಮುಂಬಯಿ ಸೀಮೆ ಕರೆದುಕೊಂಡಿತು. 1967ರಲ್ಲೂ ಅವರು ಗೆದ್ದದ್ದು ಧಾರವಾಡ ಜಿಲ್ಲೆಯ ಶಿಗ್ಗಾಂವಿಯಿಂದ. ಇದನ್ನು ಬರೀ ಸುರಕ್ಷಿತ ಕ್ಷೇತ್ರದ ಲೆಕ್ಕಾಚಾರ ಎಂದು ತಳ್ಳಿಹಾಕುವುದು ಸುಲಭ, ಆ ಲೆಕ್ಕಾಚಾರ ಇದ್ದದ್ದೂ ನಿಜ. ಆದರೆ ಹೊರಗಿನವರೊಬ್ಬರಿಗೆ ಬಾಗಲಕೋಟೆ ಸುರಕ್ಷಿತವಾದದ್ದು ಹೇಗೆ ಎಂಬುದಕ್ಕೆ 1946ರ ಅಧ್ಯಕ್ಷಗಿರಿಯನ್ನು ಬಿಟ್ಟು ಉತ್ತರ ಸಿಗುವುದಿಲ್ಲ.

ಗಡಿಯ ಪ್ರಶ್ನೆ ಅವರನ್ನು ಕೊನೆಗೂ ಬಿಡಲಿಲ್ಲ. 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟಾಗ ಅವರು ಮುಖ್ಯಮಂತ್ರಿ. ಬೆಳಗಾವಿ ಮೈಸೂರಿನಲ್ಲೇ ಉಳಿಯಬೇಕು, ಚಂದ್ರಗಿರಿ ನದಿಯ ಉತ್ತರಕ್ಕಿರುವ ಕಾಸರಗೋಡು ಪ್ರದೇಶ ಮೈಸೂರಿಗೆ ಬರಬೇಕು ಎಂದಿತು ಆಯೋಗ. ಮಹಾರಾಷ್ಟ್ರ ಒಪ್ಪಲಿಲ್ಲ, ಕೇರಳವೂ ಒಪ್ಪಲಿಲ್ಲ. ಆ ವರದಿ ಇಂದಿಗೂ ಜಾರಿಗೆ ಬಂದಿಲ್ಲ.