ಟಿವಿ ನೋಡಲು, ಹಾಡು ಕೇಳಲು ವೈರ್‌ಲೆಸ್ ಹೆಡ್‌ಫೋನ್: ದುಡ್ಡು ಕೊಡುವ ಮೊದಲು ಗೊತ್ತಿರಬೇಕಾದ ಸಂಗತಿಗಳು

ಭಟ್ಕಳ/ಹೊನ್ನಾವರ/ಕುಮಟಾ: ರಾತ್ರಿ ಒಂಬತ್ತರ ಹೊತ್ತು. ಅಜ್ಜ ಟಿವಿಯಲ್ಲಿ ಯಕ್ಷಗಾನ ಹಾಕಿಕೊಂಡು ಕೂತಿದ್ದಾರೆ. ಕಿವಿ ಸ್ವಲ್ಪ ಮಂದ, ಹಾಗಾಗಿ ಸೌಂಡ್ ಜೋರು. ಒಳಕೋಣೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿರುವ ಮೊಮ್ಮಗಳು "ಅಜ್ಜಾ, ಸ್ವಲ್ಪ ಸಣ್ಣ ಮಾಡು" ಅಂತ ಮೂರನೇ ಸಲ ಕೂಗುತ್ತಾಳೆ. ಹಳೇ ಹಂಚಿನ ಮನೆಗಳಲ್ಲಿ ಒಳಗೋಡೆ ಎಷ್ಟೋ ಕಡೆ ಮಾಡಿನವರೆಗೆ ಹೋಗಿರುವುದಿಲ್ಲ. ಒಂದು ಕೋಣೆಯ ಸದ್ದು ಇಡೀ ಮನೆಗೆ ಕೇಳುತ್ತದೆ. ಸಣ್ಣ ಮಾಡಿದರೆ ಅಜ್ಜನಿಗೆ ಮಾತು ತಿಳಿಯುವುದಿಲ್ಲ, ಜೋರು ಮಾಡಿದರೆ ಹುಡುಗಿಗೆ ಓದಾಗುವುದಿಲ್ಲ.

ಈ ಜಗಳಕ್ಕೆ ವೈರ್‌ಲೆಸ್ ಹೆಡ್‌ಫೋನ್ ಒಳ್ಳೆಯ ಪರಿಹಾರ. ಆದರೆ ಮೊಬೈಲಿಗೆ ಚೆನ್ನಾಗಿ ನಡೆಯುವ ಸೆಟ್ಟೆಲ್ಲ ಟಿವಿಗೆ ನಡೆಯುವುದಿಲ್ಲ. ಗೊತ್ತಿಲ್ಲದೆ ತಂದವರು ಎರಡು ದಿನ ಬಳಸಿ ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ಖರೀದಿಗೆ ಮುಂಚೆ ನೋಡಬೇಕಾದ ವಿಷಯಗಳು ಇಲ್ಲಿವೆ.

ಚಂಡೆ ಪೆಟ್ಟು ತಡವಾಗಿ ಕೇಳಿದರೆ

ಟಿವಿಗೆ ಹೆಡ್‌ಫೋನ್ ತರುವಾಗ ಮೊದಲು ನೋಡಬೇಕಾದ್ದು ಬಾಸ್ ಅಲ್ಲ, ಬ್ಯಾಟರಿಯೂ ಅಲ್ಲ; ಧ್ವನಿ ಎಷ್ಟು ತಡವಾಗಿ ಬರುತ್ತದೆ ಎಂಬುದು. ಬ್ಲೂಟೂತ್‌ನಲ್ಲಿ ಧ್ವನಿಯನ್ನು ಮೊದಲು ಕುಗ್ಗಿಸಿ, ಗಾಳಿಯಲ್ಲಿ ಕಳಿಸಿ, ಹೆಡ್‌ಫೋನ್ ಒಳಗೆ ಮತ್ತೆ ಬಿಡಿಸಬೇಕು. ಈ ಕೆಲಸಕ್ಕೆ ಸಮಯ ಹಿಡಿಯುತ್ತದೆ. ಎಲ್ಲ ಬ್ಲೂಟೂತ್ ಹೆಡ್‌ಫೋನ್‌ಗಳಲ್ಲೂ ಇರುವ ಎಸ್‌ಬಿಸಿ ವಿಧಾನದಲ್ಲಿ (ಇಂಥ ವಿಧಾನಗಳಿಗೆ ಕೋಡೆಕ್ ಎನ್ನುತ್ತಾರೆ) ಸಾಮಾನ್ಯವಾಗಿ 150ರಿಂದ 250 ಮಿಲಿಸೆಕೆಂಡ್ ತಡ. ಅಂದರೆ ಹೆಚ್ಚುಕಮ್ಮಿ ಸೆಕೆಂಡಿನ ಐದನೇ ಒಂದು ಪಾಲು.

ಹಾಡು ಮಾತ್ರ ಕೇಳುವವರಿಗೆ ಈ ತಡ ಲೆಕ್ಕಕ್ಕೇ ಬರುವುದಿಲ್ಲ. ಚಿತ್ರ ನೋಡುವವರಿಗೆ ಬರುತ್ತದೆ. ಟಿವಿ ಪ್ರಸಾರಕ್ಕೆ ಸಂಬಂಧಿಸಿ ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನ ಪ್ರಕಾರ, ಚಿತ್ರಕ್ಕಿಂತ ಧ್ವನಿ ಸುಮಾರು 125 ಮಿಲಿಸೆಕೆಂಡ್ ಹಿಂದೆ ಬಿದ್ದಾಗ ನೋಡುಗರಿಗೆ ವ್ಯತ್ಯಾಸ ಗೊತ್ತಾಗತೊಡಗುತ್ತದೆ. 185 ದಾಟಿದರೆ ಅದು ಒಪ್ಪುವಂಥದ್ದಲ್ಲ. ವಾರ್ತೆ ಓದುವವರ ತುಟಿ ಮುಂದೆ, ಮಾತು ಹಿಂದೆ.

ಈ ಭಾಗದವರಿಗೆ ಇದು ಇನ್ನೂ ಬೇಗ ಗೊತ್ತಾಗುತ್ತದೆ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಮೇಳದ ನೆಲೆ ಹೊನ್ನಾವರ ತಾಲೂಕಿನ ಗುಣವಂತೆ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಕುಣಿತ ನೋಡಿ ಬೆಳೆದ ಊರುಗಳಿವು. ಬಡಗುತಿಟ್ಟಿನಲ್ಲಿ ಹೆಜ್ಜೆಗೂ ಚಂಡೆಗೂ ಕೂದಲೆಳೆ ಅಂತರವೂ ಇರಬಾರದು. ಕೋಲು ಬಿದ್ದ ಮೇಲೆ ಪೆಟ್ಟು ಕೇಳಿದರೆ, ಕಾಲು ಊರಿದ ಮೇಲೆ ಗೆಜ್ಜೆ ಕೇಳಿದರೆ ಆಟದ ರುಚಿಯೇ ಹೋಯಿತು. ಹಾಗಾಗಿ ಅಂಗಡಿಯಲ್ಲಿ ಪರೀಕ್ಷೆ ಮಾಡಲು ಸಿನಿಮಾ ಹಾಡಿಗಿಂತ ಯಕ್ಷಗಾನದ ಕುಣಿತದ ವಿಡಿಯೊ ಒಳ್ಳೆಯದು. ತಡ ಇದ್ದರೆ ಅರ್ಧ ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

ಒಂದು ಎಚ್ಚರಿಕೆ: ಈ ಪರೀಕ್ಷೆಯನ್ನು ಮೊಬೈಲಿನಲ್ಲಿ ಮಾಡಬಾರದು. ಬ್ಲೂಟೂತ್ ಎಷ್ಟು ತಡ ಎಂದು ಮೊಬೈಲಿಗೆ ಗೊತ್ತಿರುತ್ತದೆ, ಯೂಟ್ಯೂಬ್‌ನಂಥ ಆ್ಯಪ್‌ಗಳು ಚಿತ್ರವನ್ನೂ ಅಷ್ಟೇ ತಡೆದು ತೋರಿಸುತ್ತವೆ. ಅಲ್ಲಿ ಎಲ್ಲ ಸರಿ ಕಾಣುತ್ತದೆ. ಮನೆಗೆ ತಂದು ಸೆಟ್‌ಟಾಪ್ ಬಾಕ್ಸ್‌ನ ಚಾನೆಲ್ ಹಾಕಿದಾಗಲೇ ಅಸಲಿ ವಿಷಯ ಹೊರಬೀಳುವುದು.

ಮೊದಲು ಟಿವಿಯ ಹಿಂಬದಿ ನೋಡಿ

ಅಂಗಡಿಗೆ ಹೊರಡುವ ಮುಂಚೆ ಟಿವಿಯ ಹಿಂಭಾಗದ ಫೋಟೊ ಒಂದನ್ನು ಮೊಬೈಲಿನಲ್ಲಿ ತೆಗೆದುಕೊಂಡರೆ ಅರ್ಧ ಕೆಲಸ ಮುಗಿದಂತೆ. ಜೊತೆಗೆ ಟಿವಿಯ ಮಾಡೆಲ್ ನಂಬರ್ ಬೇಕು.

ಸ್ಮಾರ್ಟ್ ಟಿವಿಯಾದರೆ ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಇದೆಯಾ ನೋಡಬೇಕು. ಕೆಲವು ಟಿವಿಗಳಲ್ಲಿ ಬ್ಲೂಟೂತ್ ಇರುವುದು ರಿಮೋಟಿಗೆ ಮಾತ್ರ, ಹೆಡ್‌ಫೋನಿಗೆ ಧ್ವನಿ ಕಳಿಸುವುದಿಲ್ಲ. ಧ್ವನಿ ಕಳಿಸುವ ಟಿವಿಯಾದರೆ ಬೇರೇನೂ ಬೇಡ. ನೇರ ಜೋಡಿಸಿ, ತಡ ಕಂಡರೆ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ 'ಎವಿ ಸಿಂಕ್' ಅಥವಾ 'ಆಡಿಯೊ ಡಿಲೇ' ಇದ್ದರೆ ಹೊಂದಿಸಿ ನೋಡಬಹುದು. ಫೈರ್ ಟಿವಿ ಸ್ಟಿಕ್‌ನಂಥ ಸಾಧನ ಇದ್ದವರು ಹೆಡ್‌ಫೋನನ್ನು ಅದಕ್ಕೇ ಜೋಡಿಸಬಹುದು. ಆದರೆ ಆಗ ಸ್ಟಿಕ್‌ನಲ್ಲಿ ಬರುವ ಕಾರ್ಯಕ್ರಮದ ಧ್ವನಿ ಮಾತ್ರ ಕೇಳುತ್ತದೆ, ಡಿಶ್ ಚಾನೆಲ್‌ಗಳದ್ದು ಕೇಳುವುದಿಲ್ಲ.

ಬ್ಲೂಟೂತ್ ಇಲ್ಲದ ಹಳೇ ಎಲ್‌ಇಡಿ ಟಿವಿಗೆ ಟ್ರಾನ್ಸ್‌ಮಿಟರ್ ಎಂಬ ಸಣ್ಣ ಡಬ್ಬಿ ಬೇಕು. ಇದು ಟಿವಿಯ ಹೆಡ್‌ಫೋನ್ ತೂತಿಗೆ, ಕೆಂಪು-ಬಿಳಿ ಆಡಿಯೊ ಔಟ್‌ಗೆ ಅಥವಾ ಆಪ್ಟಿಕಲ್ ಪೋರ್ಟಿಗೆ ಸೇರಿಕೊಳ್ಳುತ್ತದೆ. ಕರೆಂಟನ್ನು ಟಿವಿಯ ಯುಎಸ್‌ಬಿಯಿಂದಲೇ ಎಳೆದುಕೊಳ್ಳುತ್ತದೆ. ಇಲ್ಲಿ ಮೂರು ಸಂಗತಿ ನೆನಪಿಡಬೇಕು.

ಒಂದು, ಹೆಡ್‌ಫೋನ್ ತೂತಿಗೆ ಪಿನ್ ಹಾಕಿದರೆ ಹಲವು ಟಿವಿಗಳ ಸ್ಪೀಕರ್ ಬಂದ್ ಆಗುತ್ತದೆ. ಅಜ್ಜ ಹೆಡ್‌ಫೋನ್‌ನಲ್ಲಿ, ಉಳಿದವರು ಸ್ಪೀಕರಿನಲ್ಲಿ ಕೇಳಬೇಕೆಂದರೆ ಆಪ್ಟಿಕಲ್ ಸಾಮಾನ್ಯವಾಗಿ ವಾಸಿ. ಎರಡು, ಆಪ್ಟಿಕಲ್ ಹಾಕಿದ ಮೇಲೆ ಸದ್ದೇ ಬಾರದಿದ್ದರೆ ಸಾಧನ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ. ಟಿವಿಯ ಡಿಜಿಟಲ್ ಔಟ್‌ಪುಟ್ಟನ್ನು ಡಾಲ್ಬಿಯಿಂದ 'ಪಿಸಿಎಂ'ಗೆ ಬದಲಿಸಿದರೆ ಬಹಳ ಸಲ ಸರಿಯಾಗುತ್ತದೆ. ಮೂರು, ಪೇಟೆಯಲ್ಲಿ ಸಿಗುವ ಅಗ್ಗದ ಡಬ್ಬಿಗಳಲ್ಲಿ ಕೆಲವು 'ರಿಸೀವರ್' ಮಾತ್ರ. ಅವು ಮೊಬೈಲಿನ ಹಾಡನ್ನು ಹಳೇ ಸ್ಪೀಕರಿಗೆ ಕೊಡುವುದಕ್ಕೆ. ಟಿವಿಗೆ ಬೇಕಾದ್ದು ಧ್ವನಿ ಕಳಿಸುವ ಟ್ರಾನ್ಸ್‌ಮಿಟರ್. ಪೆಟ್ಟಿಗೆಯ ಮೇಲೆ ಆ ಪದ ಇದೆಯಾ ಓದಿಯೇ ತರಬೇಕು.

ತಡ ಕಡಿಮೆ ಬೇಕೆಂದರೆ 'ಆಪ್ಟ್‌ಎಕ್ಸ್ ಲೋ ಲೇಟೆನ್ಸಿ' ಎಂದು ಬರೆದಿರುವ ಸಾಧನ ಹುಡುಕಬಹುದು. ಅದರಲ್ಲಿ ತಡ ಸುಮಾರು 40 ಮಿಲಿಸೆಕೆಂಡ್ ಅಷ್ಟೇ. ಆದರೆ ಟ್ರಾನ್ಸ್‌ಮಿಟರ್, ಹೆಡ್‌ಫೋನ್ ಎರಡರಲ್ಲೂ ಅದೇ ಕೋಡೆಕ್ ಇರಬೇಕು. ಒಂದರಲ್ಲಿ ಮಾತ್ರ ಇದ್ದರೆ ಎರಡೂ ಮತ್ತೆ ಎಸ್‌ಬಿಸಿಗೇ ಇಳಿಯುತ್ತವೆ, ಹೆಚ್ಚಿಗೆ ಕೊಟ್ಟ ದುಡ್ಡು ನೀರಿಗೆ ಬಿದ್ದಂತೆ.

ಹಿರಿಯರಿಗೆ ರೇಡಿಯೊ ಹೆಡ್‌ಫೋನ್

ಬ್ಲೂಟೂತ್ ಅಲ್ಲದ ಇನ್ನೊಂದು ಜಾತಿಯೂ ಇದೆ. ಟಿವಿ ಪಕ್ಕದಲ್ಲಿ ಒಂದು ಸ್ಟ್ಯಾಂಡ್, ಅದರ ಮೇಲೆ ಹೆಡ್‌ಫೋನ್. ಸ್ಟ್ಯಾಂಡೇ ಧ್ವನಿ ಕಳಿಸುತ್ತದೆ, ಅದೇ ಚಾರ್ಜನ್ನೂ ಮಾಡುತ್ತದೆ. ಸೆನ್‌ಹೈಸರ್ ಕಂಪನಿಯ ಆರ್‌ಎಸ್ ಸರಣಿ ಈ ಬಗೆಯದು. ಇವುಗಳಲ್ಲಿ ತಡ ಬಹಳ ಕಡಿಮೆ, ಪ್ರತಿ ಸಲ ಜೋಡಿಸುವ ತಾಪತ್ರಯ ಇಲ್ಲ. ಎತ್ತಿ ಕಿವಿಗೆ ಹಾಕಿದರೆ ಆಯಿತು. ಬೆಲೆ ಮಾತ್ರ ಸಾದಾ ನೆಕ್‌ಬ್ಯಾಂಡ್‌ಗಿಂತ ಹಲವು ಪಟ್ಟು. ದಿನಾ ಮೂರು ನಾಲ್ಕು ತಾಸು ಟಿವಿ ನೋಡುವ, ಮೊಬೈಲ್ ಸೆಟ್ಟಿಂಗ್ಸ್ ಅಂದರೆ ಬೇಸರಪಡುವ ಹಿರಿಯರಿದ್ದರೆ ಆ ಬೆಲೆಗೆ ಅರ್ಥವಿದೆ.

ಹಿರಿಯರಿಗೆ ಸಣ್ಣ ಇಯರ್‌ಬಡ್ಸ್ ತರುವುದು ಅಷ್ಟು ಒಳ್ಳೆಯದಲ್ಲ. ಕೈಜಾರುತ್ತದೆ, ಕಳೆದುಹೋಗುತ್ತದೆ, ಮುಟ್ಟಿದರೆ ಸಾಕು ಏನೋ ಒಂದು ಬದಲಾಗುತ್ತದೆ. ಕಿವಿ ಮುಚ್ಚುವ ಹಗುರ ಹೆಡ್‌ಫೋನ್, ಒತ್ತಿದರೆ ಗೊತ್ತಾಗುವ ದೊಡ್ಡ ಗುಂಡಿ, ಸುಲಭದ ವಾಲ್ಯೂಮ್ ಇದ್ದರೆ ಸಾಕು. ಬಾಸ್ ಜಾಸ್ತಿ ಇರುವ ಸೆಟ್‌ನಲ್ಲಿ ಮಾತು ಮಸುಕಾಗಿ ಕೇಳುತ್ತದೆ. ಧಾರಾವಾಹಿ, ವಾರ್ತೆ, ತಾಳಮದ್ದಳೆಯ ಅರ್ಥ ಕೇಳುವವರಿಗೆ ಅದು ಬೇಡ.

ಹಾಡಿಗೆ, ಪ್ರಯಾಣಕ್ಕೆ

ಮೊಬೈಲಿನಲ್ಲಿ ಹಾಡು ಕೇಳಲು ಒಂದೆರಡು ಸಾವಿರದ ನೆಕ್‌ಬ್ಯಾಂಡ್ ಸಾಕಾಗುತ್ತದೆ. ಐಫೋನ್ ಇರುವವರು ಆಪ್ಟ್‌ಎಕ್ಸ್, ಎಲ್‌ಡಿಎಸಿ ಎಂದು ಹೆಚ್ಚು ದುಡ್ಡು ಹಾಕುವುದರಲ್ಲಿ ಅರ್ಥವಿಲ್ಲ. ಐಫೋನ್‌ನಲ್ಲಿ ಅವೆರಡೂ ಇಲ್ಲ, ಎಎಸಿ ಇದ್ದರೆ ಆಯಿತು. ಸದ್ದು ತಡೆಯುವ 'ಎಎನ್‌ಸಿ' ಸೌಲಭ್ಯ ಬಸ್ಸಿನ ಇಂಜಿನ್, ರೈಲು, ಫ್ಯಾನಿನಂಥ ಒಂದೇ ಸಮನೆ ಗುಂಯ್‌ಗುಡುವ ಸದ್ದಿಗೆ ಒಳ್ಳೆಯದು. ಜನರ ಮಾತಿಗೆ, ತಗಡಿನ ಮೇಲೆ ಬೀಳುವ ಮಳೆಗೆ ಅಷ್ಟಾಗಿ ನಡೆಯದು. ದಿನಾ ಬಸ್ಸಿನಲ್ಲಿ ಕುಮಟಾ-ಭಟ್ಕಳ ಓಡಾಡುವವರಿಗೆ ಬೇಕು, ಮನೆಯಲ್ಲಿ ಕೂತು ಕೇಳುವವರಿಗೆ ಅನಗತ್ಯ ಖರ್ಚು.

ಬೈಕ್ ಓಡಿಸುವಾಗ, ಹೆದ್ದಾರಿ 66 ದಾಟುವಾಗ, ಕೊಂಕಣ ರೈಲು ಹಳಿಯ ಬಳಿ ನಡೆಯುವಾಗ ಮಾತ್ರ ಕಿವಿಯಲ್ಲಿ ಏನೂ ಇರಬಾರದು. ಹಿಂದಿನಿಂದ ಬರುವ ಲಾರಿಯ ಹಾರ್ನ್ ಕೇಳದೇ ಹೋದರೆ ಆಮೇಲೆ ಹೇಳಿ ಪ್ರಯೋಜನವಿಲ್ಲ.

ಕರಾವಳಿಯ ಬೆವರು, ಉಪ್ಪು ಗಾಳಿ

ಇಲ್ಲಿನ ಹವೆಯಲ್ಲಿ ಕೃತಕ ಚರ್ಮದ ಕಿವಿಮೆತ್ತೆ ಬೇಗ ಸಿಪ್ಪೆ ಏಳುತ್ತದೆ, ಮಳೆಗಾಲದಲ್ಲಿ ಬೂಸಲು ಹಿಡಿಯುತ್ತದೆ. ಬಟ್ಟೆಯ ಅಥವಾ ಬದಲಿಸಬಹುದಾದ ಮೆತ್ತೆ ಇರುವ ಸೆಟ್ ಒಳ್ಳೆಯದು. 'ಐಪಿಎಕ್ಸ್4' ಎಂದರೆ ನೀರಿನ ಹನಿ ಸಿಡಿದರೆ ತಡೆಯುತ್ತದೆ ಎಂದಷ್ಟೇ. 'ಐಪಿಎಕ್ಸ್7' ಎಂದರೆ ಒಂದು ಮೀಟರ್ ಸಿಹಿನೀರಿನಲ್ಲಿ ಅರ್ಧ ತಾಸು. ಸಮುದ್ರದ ಉಪ್ಪುನೀರಿಗೆ ಇದು ಅನ್ವಯಿಸುವುದಿಲ್ಲ. ಬಳಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಚಾರ್ಜಿಂಗ್ ಪಿನ್ ಪೂರ್ತಿ ಒಣಗಿದ ಮೇಲೆಯೇ ಚಾರ್ಜಿಗೆ ಹಾಕಬೇಕು. ತಿಂಗಳುಗಟ್ಟಲೆ ಬಳಸದೆ ಇಡುವುದಾದರೆ ಬ್ಯಾಟರಿ ಅರ್ಧದಷ್ಟು ಇರಲಿ.

ಬ್ಲೂಟೂತ್ ಸಾಮಾನ್ಯವಾಗಿ ಹತ್ತು ಮೀಟರ್ ಮುಟ್ಟುತ್ತದೆ ಎನ್ನುತ್ತಾರೆ. ಅದು ನಡುವೆ ಏನೂ ಇಲ್ಲದಾಗಿನ ಲೆಕ್ಕ. ದಪ್ಪ ಚಿರೆಕಲ್ಲಿನ ಗೋಡೆ ಅಡ್ಡ ಬಂದರೆ ಧ್ವನಿ ತುಂಡಾಗುತ್ತದೆ.

ಗಲ್ಫ್‌ನಿಂದ ಬಂದ ಸೆಟ್

ಭಟ್ಕಳದ ಹಲವು ಮನೆಗಳಲ್ಲಿ ಹೆಡ್‌ಫೋನ್ ಬರುವುದು ದುಬೈನಿಂದಲೋ ಸೌದಿಯಿಂದಲೋ ರಜೆಗೆ ಬರುವವರ ಪೆಟ್ಟಿಗೆಯಲ್ಲಿ. ಬ್ಲೂಟೂತ್ ಸೆಟ್ ಆದರೆ ಬಳಕೆಗೆ ತೊಂದರೆಯಿಲ್ಲ, ಬ್ಲೂಟೂತ್ ಎಲ್ಲ ದೇಶದಲ್ಲೂ ಒಂದೇ. ವಾರಂಟಿ ಮಾತ್ರ ಬೇರೆ. ಬಹಳ ಕಂಪನಿಗಳು ಕೊಂಡ ದೇಶದಲ್ಲೇ ವಾರಂಟಿ ಕೊಡುತ್ತವೆ. ತರಿಸುವ ಮೊದಲೇ ಕೇಳಿಕೊಳ್ಳಬೇಕು. ಸ್ಟ್ಯಾಂಡ್ ಇರುವ ರೇಡಿಯೊ ಸೆಟ್ ಆದರೆ ಅದರ ಪ್ಲಗ್ ಮೂರು ಚಪ್ಪಟೆ ಪಿನ್‌ನದ್ದು, ಇಲ್ಲಿನ ಸಾಕೆಟ್ಟಿಗೆ ಅಡಾಪ್ಟರ್ ಬೇಕು. ಅಮೆರಿಕದಿಂದ ಬರುವ 900 ಮೆಗಾಹರ್ಟ್ಸ್ ಹೆಡ್‌ಫೋನ್ ಬೇಡವೇ ಬೇಡ. ಆ ತರಂಗಾಂತರ ಇಲ್ಲಿ ಮೊಬೈಲ್ ಸೇವೆಯದ್ದು. 2.4 ಗಿಗಾಹರ್ಟ್ಸ್ ಎಂದಿದ್ದರೆ ಅಡ್ಡಿಯಿಲ್ಲ.

ಕಿವಿಯ ಲೆಕ್ಕ

ಹೆಡ್‌ಫೋನ್ ಹಾಕಿದ ಮೇಲೆ ಸೌಂಡ್ ಎಷ್ಟಿದೆ ಎಂದು ಪಕ್ಕದವರಿಗೆ ಗೊತ್ತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬಲ್‌ನಲ್ಲಿ ವಾರಕ್ಕೆ 40 ತಾಸು ಕೇಳಬಹುದು. 90 ಡೆಸಿಬಲ್ ಆದರೆ ವಾರಕ್ಕೆ ನಾಲ್ಕೇ ತಾಸು. ಮಕ್ಕಳಿಗೆ 75 ಡೆಸಿಬಲ್ ದಾಟಬಾರದು. ಸರಳವಾಗಿ ಹೇಳುವುದಾದರೆ, ವಾಲ್ಯೂಮ್ ನೂರಕ್ಕೆ ಅರವತ್ತರ ಒಳಗಿರಲಿ, ತಾಸಿಗೊಮ್ಮೆ ತೆಗೆದಿಡಲಿ.

ಮನೆಯ ಹಿರಿಯರು ದಿನಾ ಟಿವಿ ಜೋರು ಮಾಡುತ್ತಿದ್ದರೆ ಮೊದಲು ಕಿವಿ ತೋರಿಸುವುದು ಒಳ್ಳೆಯದು. ಕೆಲವೊಮ್ಮೆ ಕಾರಣ ಬರೀ ಗುಗ್ಗೆ ಇರುತ್ತದೆ, ಕೆಲವೊಮ್ಮೆ ಶ್ರವಣ ಸಾಧನ ಬೇಕಾಗುತ್ತದೆ. ಹೆಡ್‌ಫೋನ್ ಅದಕ್ಕೆ ಬದಲಿ ಅಲ್ಲ. ಒಂದು ಕಿವಿ ಏಕಾಏಕಿ ಕೇಳದೇ ಹೋದರೆ ಎಣ್ಣೆ ಬಿಟ್ಟು ಕಾಯುತ್ತಾ ಕೂರದೆ ಅಂದೇ ಕಿವಿ ವೈದ್ಯರ ಹತ್ತಿರ ಹೋಗಬೇಕು. ದಿನ ಕಳೆದಷ್ಟೂ ಚಿಕಿತ್ಸೆ ಫಲಿಸುವುದು ಕಷ್ಟ. ವಿವರವಾದ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. ಸೆಕೆಯ ಊರಲ್ಲಿ ಕಿವಿಯಲ್ಲಿ ಶಿಲೀಂಧ್ರದ ತುರಿಕೆ ಸಾಮಾನ್ಯ. ಒಬ್ಬರ ಇಯರ್‌ಬಡ್ಸ್ ಇನ್ನೊಬ್ಬರು ಹಾಕಿಕೊಳ್ಳಬಾರದು.

ಬಿಲ್, ಗುರುತು, ದೂರು

ವೈರ್‌ಲೆಸ್ ಹೆಡ್‌ಫೋನ್‌ಗಳಿಗೆ ದೇಶದಲ್ಲಿ ಬಿಐಎಸ್ ನೋಂದಣಿ ಕಡ್ಡಾಯ. ಪೆಟ್ಟಿಗೆಯ ಮೇಲೆ 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಅದನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ಹಾಕಿದರೆ ಯಾವ ಕಂಪನಿಯದ್ದು ಎಂದು ಗೊತ್ತಾಗುತ್ತದೆ. ಎಂಆರ್‌ಪಿ, ತಯಾರಕರ ಅಥವಾ ಆಮದುದಾರರ ಹೆಸರು-ವಿಳಾಸ, ಗ್ರಾಹಕ ಸೇವೆಯ ನಂಬರ್ ಇಲ್ಲದ ಪೆಟ್ಟಿಗೆ ಮುಟ್ಟದಿರುವುದೇ ಕ್ಷೇಮ. ಜಿಎಸ್‌ಟಿ ಬಿಲ್ ಕೇಳಿ ಪಡೆಯಬೇಕು. ವಾರಂಟಿಗೂ ದೂರಿಗೂ ಅದೇ ಆಧಾರ. ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮುಂದಿನ ಹಂತ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ.

ಅಂಗಡಿಯವರಿಗೆ ಒಂದು ಮಾತು

"ಯಾವ್ದಾದ್ರೂ ನಡಿತದೆ" ಎಂದು ಕೊಟ್ಟ ಸೆಟ್ ಮರುದಿನ ವಾಪಸ್ ಬರುತ್ತದೆ, ಗಿರಾಕಿ ಮಾತ್ರ ವಾಪಸ್ ಬರುವುದಿಲ್ಲ. ಅಂಗಡಿಯಲ್ಲಿ ಒಂದು ಟಿವಿ, ಒಂದು ಟ್ರಾನ್ಸ್‌ಮಿಟರ್ ಪರೀಕ್ಷೆಗೆ ಇಟ್ಟು, ಐದು ನಿಮಿಷ ಹಾಕಿ ತೋರಿಸಿದರೆ ಇಬ್ಬರಿಗೂ ನೆಮ್ಮದಿ. ಆನ್‌ಲೈನ್ ಕೊಡಲಾಗದ್ದು ಇದೊಂದೇ.

ಹೊರಡುವ ಮುನ್ನ ಕೇಳಿಕೊಳ್ಳಿ

• ಟಿವಿಗೋ, ಹಾಡಿಗೋ, ಎರಡಕ್ಕೋ?
• ಟಿವಿಯಲ್ಲಿ ಧ್ವನಿ ಕಳಿಸುವ ಬ್ಲೂಟೂತ್ ಇದೆಯಾ? ಇಲ್ಲದಿದ್ದರೆ ಯಾವ ಪೋರ್ಟ್ ಇದೆ?
• ಸ್ಪೀಕರ್ ಕೂಡ ಜೊತೆಗೆ ನಡೆಯಬೇಕಾ?
• ಹಾಕುವವರು ಯಾರು? ಅವರೇ ಬಂದು ತಲೆಗೆ ಹಾಕಿ ನೋಡಿದ್ದಾರಾ?
• ಬಿಲ್, ವಾರಂಟಿ, ಬಿಐಎಸ್ ಸಂಖ್ಯೆ ಸರಿಯಿದೆಯಾ?

ಐದಕ್ಕೂ ಉತ್ತರ ಸಿಕ್ಕರೆ ಅಜ್ಜನ ಚಂಡೆ ಅಜ್ಜನಿಗೆ, ಮೊಮ್ಮಗಳ ಓದು ಮೊಮ್ಮಗಳಿಗೆ.