ಒಂದು ಮಾತೂ ಆಡದ ಮೇಷ್ಟ್ರು: ಮಾರಿಯೋ 1-1

ಭಾಗ 1

ಮೊದಲ ಫೋಟೋ ಒಂದ್ಸಲ ಸರಿಯಾಗಿ ನೋಡಿ. ನೀಲಿ ಆಕಾಶ, ಇಟ್ಟಿಗೆ ಬಣ್ಣದ ನೆಲ, ಎಡಗಡೆ ಒಂದು ಹಸಿರು ಗುಡ್ಡ, ಅದರ ಹತ್ತಿರ ಪುಟ್ಟ ಮಾರಿಯೋ. ಬಲಗಡೆ ಒಂದು ಪೊದೆ ಬಿಟ್ರೆ ಖಾಲಿ ಜಾಗ. ಯಾವ ಕಡೆ ಹೋಗ್ಬೇಕು ಅಂತ ಎಲ್ಲೂ ಬರೆದಿಲ್ಲ. ಆದ್ರೂ ನೀವು ಬಲಕ್ಕೇ ಹೋಗಿದ್ರಿ, ಅಲ್ವಾ? ಎಡಕ್ಕೆ ಒತ್ತಿ ನೋಡಿದವರನ್ನ ಪರದೆಯ ಅಂಚು ಗೋಡೆ ಥರ ತಡೆದಿರುತ್ತೆ. ಪಾಠ ನಂಬರ್ ಒಂದು ಮುಗೀತು. ಇನ್ನೂ ಎರಡು ಸೆಕೆಂಡ್ ಕೂಡ ಆಗಿಲ್ಲ.

'ಸೂಪರ್ ಮಾರಿಯೋ ಬ್ರದರ್ಸ್' ಜಪಾನಿನಲ್ಲಿ ಬಿಡುಗಡೆ ಆಗಿದ್ದು 1985ರ ಸೆಪ್ಟೆಂಬರ್ 13ಕ್ಕೆ, ಫ್ಯಾಮಿಕಾಮ್ ಅನ್ನೋ ಮನೆ ಯಂತ್ರಕ್ಕಾಗಿ. ಮಾಡಿದ್ದು ಕ್ಯೋಟೋ ನಗರದ ನಿಂಟೆಂಡೋ. 1889ರಲ್ಲಿ ಹನಾಫುದಾ ಅನ್ನೋ ಆಟದ ಎಲೆಗಳನ್ನ ಮಾರೋಕೆ ಶುರುವಾದ ಕಂಪನಿ ಅದು, ನಮ್ಮ ಇಸ್ಪೀಟ್ ಇದ್ದ ಹಾಗೆ. ಆಟದ ವಿನ್ಯಾಸ ಶಿಗೆರು ಮಿಯಾಮೋಟೋ ಮತ್ತು ತಕಾಶಿ ತೆಝುಕಾ ಅವರದು, ಸಂಗೀತ ಕೋಜಿ ಕೊಂಡೋ ಅವರದು. ಈಗ್ಲೇ ನಿಮ್ಮ ತಲೆಯಲ್ಲಿ ಓಡ್ತಿದೆಯಲ್ಲ, ಅದೇ ಟ್ಯೂನ್.

ಇಲ್ಲಿ ಸ್ವಲ್ಪ ಬಿಕಾಂ ಬುದ್ಧಿ ಓಡಿಸ್ತೀನಿ, ಸಹಿಸ್ಕೊಳ್ಳಿ. 1981ರಲ್ಲಿ ಮಿಯಾಮೋಟೋ ಮಾಡಿದ 'ಡಾಂಕಿ ಕಾಂಗ್' ನಾಣ್ಯ ಹಾಕಿ ಆಡೋ ಆಟ. ಅಂಥ ಆಟದಲ್ಲಿ ನೀವು ಎಷ್ಟು ಬೇಗ ಸಾಯ್ತೀರೋ ಅಷ್ಟು ಬೇಗ ಮುಂದಿನ ನಾಣ್ಯ ಬೀಳುತ್ತೆ. ಸಾವೇ ಅಲ್ಲಿ ಆದಾಯ. ಮನೆ ಯಂತ್ರದಲ್ಲಿ ಹಾಗಲ್ಲ, ಕ್ಯಾಸೆಟ್‌ಗೆ ದುಡ್ಡು ಒಂದೇ ಸಲ ಬಂದಿರುತ್ತೆ. ಆಡುವವನು ಮೊದಲ ಹತ್ತು ನಿಮಿಷದಲ್ಲೇ ಬೇಜಾರಾಗಿ ಎತ್ತಿಟ್ರೆ ಪಕ್ಕದ ಮನೆಯವನಿಗೆ 'ಇದು ತಗೋ' ಅಂತ ಹೇಳೋರು ಯಾರು? ಹೀಗಾಗಿ ಕಲಿಸೋದು ಧರ್ಮಕಾರ್ಯ ಅಲ್ಲ, ವ್ಯಾಪಾರ. ಇದು ನನ್ನ ಲೆಕ್ಕಾಚಾರ, ಒಪ್ಪದಿದ್ದವರು ಜಗಳಕ್ಕೆ ಬನ್ನಿ.

ಭಾಗ 2

ಈಗ ನಡೆಯೋಣ. ಮಿನುಗೋ ಪ್ರಶ್ನೆ ಚಿಹ್ನೆಯ ಡಬ್ಬ ಒಂದು. ಎದುರಿಂದ ಹುಬ್ಬು ಗಂಟಿಕ್ಕಿಕೊಂಡು ಬರೋ ಕಂದು ಬಣ್ಣದ ಗೂಂಬಾ. ಏನೂ ಮಾಡದೆ ನಿಂತ್ರೆ ಸಾಯ್ತೀರಿ. ಆದ್ರೆ ನೀವು ಕಳ್ಕೊಂಡಿದ್ದೇನು? ಎರಡು ಹೆಜ್ಜೆ ನಡಿಗೆ. ಮತ್ತೆ ಅದೇ ಜಾಗ, ಅದೇ ಗೂಂಬಾ. ಈ ಸಲ ಹಾರ್ತೀರಿ. ಹಾರಿದಾಗ ಒಂದೋ ಅದರ ತಲೆ ಮೇಲೆ ಬೀಳ್ತೀರಿ, ಇಲ್ಲಾ ತಲೆ ಡಬ್ಬಕ್ಕೆ ತಾಗಿ ಕಾಯಿನ್ ಬರುತ್ತೆ. ಎರಡೂ ಲಾಭವೇ.

ಮುಂದಿನ ಡಬ್ಬದಿಂದ ಅಣಬೆ ಬರುತ್ತೆ. ಇಲ್ಲಿ ಒಂದು ತೊಡಕು ಇತ್ತು. ಗೂಂಬಾ ಕೂಡ ನೋಡೋಕೆ ಅಣಬೆ ಥರಾನೇ. ಈಗಷ್ಟೇ ಅದರಿಂದ ಸತ್ತವನು ಇದನ್ನ ನೋಡಿದ ತಕ್ಷಣ ಓಡ್ತಾನೆ. ಓಡಿದ್ರೆ ಅಣಬೆ ಒಳ್ಳೇದು ಅಂತ ತಿಳಿಯೋದು ಹೇಗೆ? ಅದಕ್ಕೇ ಅಣಬೆ ಮೊದಲು ಬಲಕ್ಕೆ, ನಿಮ್ಮಿಂದ ದೂರ ಹೋಗುತ್ತೆ. ಇಟ್ಟಿಗೆ ಸಾಲಿನಿಂದ ಕೆಳಗೆ ಬಿದ್ದು, ಹಸಿರು ಪೈಪಿಗೆ ಬಡಿದು ವಾಪಸ್ ನಿಮ್ಮ ಕಡೆಗೇ ಬರುತ್ತೆ. ಗಾಬರಿಯಿಂದ ಹಾರಿದ್ರೂ ಮೇಲೆ ಇಟ್ಟಿಗೆ ಸಾಲು ಇದೆ, ತಲೆ ತಾಗಿ ಅಣಬೆ ಮೇಲೇ ಬೀಳೋ ಸಾಧ್ಯತೆ ಜಾಸ್ತಿ. ಮಾರಿಯೋ ದೊಡ್ಡವನಾಗ್ತಾನೆ. ಭಯಪಟ್ಟವನಿಗೂ ಬಹುಮಾನ ತಪ್ಪಲ್ಲ. ಈ ಯೋಜನೆಯನ್ನ ಮಿಯಾಮೋಟೋ ಅವರೇ ಆಮೇಲೆ ಸಂದರ್ಶನಗಳಲ್ಲಿ ಬಿಡಿಸಿ ಹೇಳಿದ್ದಾರೆ.

ಆಮೇಲಿನ ಪೈಪುಗಳು ಮೊದಲನೆಯದಕ್ಕಿಂತ ಎತ್ತರ. ಬಟನ್ ಜಾಸ್ತಿ ಹೊತ್ತು ಒತ್ತಿ ಹಿಡಿದ್ರೆ ಜಾಸ್ತಿ ಎತ್ತರ ಹಾರಬಹುದು ಅಂತ ಬೆರಳು ತಾನೇ ಕಲಿಯುತ್ತೆ. ನಾಲ್ಕನೇ ಪೈಪ್ ಮೇಲೆ ನಿಂತು ಕೆಳಗೆ ಒತ್ತಿದವರಿಗೆ ನೆಲದಡಿಯ ಕಾಯಿನ್ ಕೋಣೆ. ಅದೂ ಸುಮ್ನೆ ಸಿಗಲ್ಲ, ಕುತೂಹಲ ಇದ್ದವರಿಗೆ ಮಾತ್ರ.

ನನಗೆ ಎಲ್ಲಕ್ಕಿಂತ ಇಷ್ಟ ಆಗೋದು ಕೊನೇ ಹತ್ತಿರದ ಮೆಟ್ಟಿಲುಗಳು. ಮೂರನೇ ಫೋಟೋ ನೋಡಿ. ಮೊದಲು ಎದುರುಬದುರು ಎರಡು ಮೆಟ್ಟಿಲ ಸಾಲು, ನಡುವೆ ಗಟ್ಟಿ ನೆಲ. ಹಾರಿ ತಪ್ಪಿದ್ರೆ ಕೆಳಗೆ ಬೀಳ್ತೀರಿ, ಮತ್ತೆ ಹತ್ತಿ ಬರ್ತೀರಿ, ಅಷ್ಟೇ. ಸ್ವಲ್ಪ ಮುಂದೆ ಹೋದ್ರೆ ಮತ್ತೆ ಅದೇ ಥರದ ಜೋಡಿ, ಆದ್ರೆ ಈಗ ನಡುವೆ ನೆಲವೇ ಇಲ್ಲ, ಗುಂಡಿ. ಅಭ್ಯಾಸ ಮೊದಲು, ಪರೀಕ್ಷೆ ಆಮೇಲೆ.

ಇದನ್ನ ಬರೀವಾಗ ನನ್ನ ಒಬ್ಬ ಗೆಳೆಯ ನೆನಪಾಗ್ತಾನೆ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ, ಪಿಯುನಲ್ಲಿ ಆರ್ಟ್ಸ್, ಆಮೇಲೆ ಬಿಕಾಂ. ಡೆಬಿಟ್ ಅಂದ್ರೇನು ಅಂತ ಕೈಗೆ ಸಿಗೋ ಮೊದಲೇ ಬೋರ್ಡ್ ಮೇಲೆ ಇಂಗ್ಲಿಷ್‌ನಲ್ಲಿ ಜರ್ನಲ್ ಎಂಟ್ರಿ ಲೆಕ್ಕ. ಮೂರನೇ ವಾರದಿಂದ ಅವನು ಬರೋದೇ ನಿಲ್ಲಿಸಿದ. ದಡ್ಡ ಅಲ್ಲ, ಊರಲ್ಲಿ ಅವರಪ್ಪನ ಅಂಗಡಿಯ ಉದ್ರಿ ಪುಸ್ತಕ ಬರೀತಿದ್ದವನೇ ಅವನು. ಅವನಿಗೆ ನೆಲ ಇರೋ ಮೆಟ್ಟಿಲು ಸಿಗಲೇ ಇಲ್ಲ, ನೇರ ಗುಂಡಿಯದ್ದೇ ಸಿಕ್ತು.

ಭಾಗ 3

ಇಷ್ಟೆಲ್ಲ ಎಷ್ಟು ಜಾಗದಲ್ಲಿ ಗೊತ್ತಾ? ಪೂರ್ತಿ ಆಟ 40 ಕಿಲೋಬೈಟ್. 32 ಲೆವೆಲ್, ಸಂಗೀತ, ಚಿತ್ರ ಎಲ್ಲಾ ಸೇರಿ. ನೀವೀಗ ಸ್ವೈಪ್ ಮಾಡಿದ ಒಂದೊಂದು ಫೋಟೋನೂ ಅದಕ್ಕಿಂತ ಭಾರ. ಹಾಗಾಗಿ ಕಾಸಿಗೆ ಕಾಸು ಲೆಕ್ಕ ಹಾಕಿದ ಸಂಸಾರ ಅದು. ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಚಿತ್ರ, ಒಂದಕ್ಕೆ ಬಿಳಿ ಬಣ್ಣ, ಇನ್ನೊಂದಕ್ಕೆ ಹಸಿರು (ಮತ್ತೆ ಮೊದಲ ಫೋಟೋಗೆ ಹೋಗಿ ನೋಡಿ, ನಾನು ಕಾಯ್ತೀನಿ).

ಗೂಂಬಾ ಕಥೆ ಇನ್ನೂ ಮಜಾ. ಆಟದ ಮೊದಲ ಶತ್ರು ಅದು, ಆದ್ರೆ ಸೇರಿಸಿದ್ದು ಎಲ್ಲಕ್ಕಿಂತ ಕೊನೆಗೆ. ಆಮೆಯನ್ನ ತುಳಿದ್ರೆ ಚಿಪ್ಪಾಗುತ್ತೆ, ಚಿಪ್ಪನ್ನ ಒದ್ರೆ ಜಾರಿಕೊಂಡು ಹೋಗುತ್ತೆ. ಹೊಸಬರಿಗೆ ಇದು ಕಷ್ಟ ಅನ್ನಿಸಿ, ತುಳಿದ್ರೆ ಸಾಯೋ ಸರಳ ಶತ್ರು ಒಂದು ಬೇಕಾಯ್ತು. ಅಷ್ಟೊತ್ತಿಗೆ ಜಾಗ ಖಾಲಿ! ಒಂದೇ ಚಿತ್ರ ಬರೆದು, ಅದನ್ನೇ ಎಡಬಲ ತಿರುಗಿಸಿ ತಿರುಗಿಸಿ ನಡೆಯೋ ಹಾಗೆ ತೋರಿಸಿದ್ರು. 1-1 ಲೆವೆಲ್ ಕೂಡ ಹಾಗೇನೇ. ಆಡುವವರಿಗೆ ಅದು ಮೊದಲು, ಮಾಡಿದವರು ಕೂತಿದ್ದು ಕೆಲಸದ ಕೊನೆ ಹಂತದಲ್ಲಿ. ಮುಂದೆ ಏನೇನು ಬರುತ್ತೆ ಅಂತ ಪೂರ್ತಿ ಗೊತ್ತಾದ ಮೇಲೆ ತಾನೇ ಏನು ಕಲಿಸಬೇಕು ಅಂತ ಗೊತ್ತಾಗೋದು! ಲೆವೆಲ್‌ಗಳನ್ನ ಬರೆದಿದ್ದು ಗ್ರಾಫ್ ಶೀಟ್ ಮೇಲೆ, ಕೈಯಲ್ಲಿ.

ಆಟದ ಜೊತೆ ಒಂದು ಪುಸ್ತಿಕೆ ಬರ್ತಿತ್ತು, ನಿಜ. ಆದ್ರೆ ನಮ್ಮ ಕಡೆ ಟೀವಿಗೆ ಸಿಕ್ಕಿಸಿ ಆಡಿದ ಅಗ್ಗದ ನಕಲಿ ಯಂತ್ರಗಳ ಜೊತೆ ಅಂಥದ್ದು ಎಲ್ಲಿ ಬರ್ಬೇಕು? '9999 ಇನ್ 1' ಅಂತ ಬರೆದ ಕ್ಯಾಸೆಟ್, ಒಳಗೆ ಅದೇ ಹತ್ತಿಪ್ಪತ್ತು ಆಟ ಸುತ್ತಿ ಸುತ್ತಿ ಬರೋದು. ಆನ್ ಆಗದಿದ್ರೆ ಕ್ಯಾಸೆಟ್‌ಗೆ ಬಾಯಲ್ಲಿ ಊದೋದು. ಜಪಾನಿ ಬರಲ್ಲ, ಇಂಗ್ಲಿಷ್ ಅರ್ಧಂಬರ್ಧ, ಹೇಳಿಕೊಡೋಕೆ ದೊಡ್ಡವರಿಗೂ ಗೊತ್ತಿಲ್ಲ. ಆದ್ರೂ ಬೇಸಿಗೆ ರಜೆ ಮುಗಿಯೋದ್ರೊಳಗೆ ಎಷ್ಟೋ ಮಕ್ಕಳು ಬಾವುಟದ ತುದಿ ಹಿಡಿದು 5000 ಪಾಯಿಂಟ್ ತಗೊಳ್ಳೋದು ಕಲಿತಿದ್ರು.

ಹಾಂ, ಮೊದಲ ಗುಂಡಿಗೆ ಸ್ವಲ್ಪ ಮುಂಚೆ ಗಾಳಿಯಲ್ಲಿ ಕಾಣದ ಡಬ್ಬ ಒಂದಿದೆ, ಹಾರಿ ತಲೆ ತಾಗಿಸಿದ್ರೆ ಹಸಿರು ಅಣಬೆ, ಒಂದು ಜೀವ ಜಾಸ್ತಿ. ಅದನ್ನ ನಿಮಗೆ ತೋರಿಸಿಕೊಟ್ಟಿದ್ದು ಯಾರು? ಅಣ್ಣನಾ, ಪಕ್ಕದ ಮನೆ ಹುಡುಗಿನಾ, ಇಲ್ಲಾ ನಿಮಗೇ ಅಕಸ್ಮಾತ್ ತಲೆ ತಾಗಿತ್ತಾ? ಕಾಮೆಂಟ್ ಹಾಕಿ. ಮುಂದಿನ ವಾರ 1-2, ನೆಲದಡಿಗೆ ಇಳಿಯೋಣ.