ಮಕ್ಕಳ ಶುಶ್ರೂಷಕಿಯರ ನಿರಂತರ ಶಿಕ್ಷಣ: ಒಂದು ಪರಿಚಯ

ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ವೈದ್ಯರು ನಿಗದಿತ ವೇಳೆಗೆ ಬಂದು ರೋಗಿಗಳನ್ನು ನೋಡಿ ಹೋಗುತ್ತಾರೆ. ಹಗಲಿರುಳು ಮಗುವಿನ ಬಳಿ ಇರುವವರು ಶುಶ್ರೂಷಕಿಯರು. ಉಸಿರಿನ ಗತಿ ಬದಲಾದುದನ್ನು, ಮಗು ಹಾಲು ಬಿಟ್ಟುದನ್ನು, ಮೈ ತಣ್ಣಗಾದುದನ್ನು ಮೊದಲು ಗುರುತಿಸಬೇಕಾದವರೂ ಅವರೇ. ಈ ವಿದ್ಯೆ ಪದವಿಪತ್ರ ಕೈಸೇರಿದ ದಿನಕ್ಕೆ ಮುಗಿಯುವಂಥದ್ದಲ್ಲ. ಆದಕಾರಣ ಅವರಿಗಾಗಿ ಕಾರ್ಯಾಗಾರ, ತರಬೇತಿ ಶಿಬಿರ, ವಿಚಾರ ಸಂಕಿರಣ, ಸಮ್ಮೇಳನಗಳು ನಡೆಯುತ್ತವೆ. ಮಗಳೋ ಸೊಸೆಯೋ ಈ ವೃತ್ತಿಯಲ್ಲಿರುವ ಮನೆಗಳು ನಮ್ಮ ನಡುವೆ ಇವೆ. ಇಂತಹ ಕಾರ್ಯಕ್ರಮಗಳ ಸ್ವರೂಪವನ್ನೂ ಅಗತ್ಯವನ್ನೂ ಅಂತಹ ಕುಟುಂಬಗಳು ಅರಿತಿರುವುದು ಒಳ್ಳೆಯದು.

ನಿಯಮದ ಚೌಕಟ್ಟು

1947ರ ಕಾಯಿದೆಯನ್ವಯ ರಚಿತವಾದ ಭಾರತೀಯ ಶುಶ್ರೂಷಾ ಪರಿಷತ್ತು, ನೋಂದಣಿಯ ನವೀಕರಣಕ್ಕೆ ಐದು ವರ್ಷಗಳಲ್ಲಿ 150 ಗಂಟೆಗಳ ನಿರಂತರ ಶಿಕ್ಷಣ ಎಂಬ ಅಳತೆಯನ್ನು ಗೊತ್ತುಪಡಿಸಿತು. ವರ್ಷಕ್ಕೆ ಸರಾಸರಿ 30 ಗಂಟೆ ಎಂದಾಯಿತು. ನೋಂದಣಿಯ ಕೆಲಸ ಆಯಾ ರಾಜ್ಯ ಪರಿಷತ್ತುಗಳದು. ಆದುದರಿಂದ ಕಾರ್ಯಾಗಾರಕ್ಕೆ ಹಣ ಕಟ್ಟುವ ಮೊದಲು ಅದಕ್ಕೆ ತಮ್ಮ ರಾಜ್ಯದ ಪರಿಷತ್ತಿನ ಮಾನ್ಯತೆಯುಂಟೇ ಎಂದು ವಿಚಾರಿಸಬೇಕು. ಪ್ರಮಾಣಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದೂ ಅಷ್ಟೇ ಮುಖ್ಯ.

ಮೊದಲ ಒಂದು ನಿಮಿಷ

ತಿಂಗಳು ತುಂಬಿ ಹುಟ್ಟಿದ ನೂರು ಶಿಶುಗಳಲ್ಲಿ ಸುಮಾರು 85 ತಾವಾಗಿಯೇ ಉಸಿರಾಡತೊಡಗುತ್ತವೆ. ಇನ್ನು ಸುಮಾರು 10 ಶಿಶುಗಳು ಮೈ ಒರೆಸಿ ಬೆನ್ನು ಉಜ್ಜಿದಾಗ ಉಸಿರೆಳೆದುಕೊಳ್ಳುತ್ತವೆ. ಉಳಿದ ಸುಮಾರು 5 ಶಿಶುಗಳಿಗೆ ಮುಖಕ್ಕೆ ಮಾಸ್ಕ್ ಹಿಡಿದು, ಅದಕ್ಕೆ ಜೋಡಿಸಿದ ಚೀಲವನ್ನು ಒತ್ತಿ ಶ್ವಾಸಕೋಶಕ್ಕೆ ಗಾಳಿ ತುಂಬಬೇಕಾಗುತ್ತದೆ. ಈ ಕೆಲಸ ಹುಟ್ಟಿದ 60 ಸೆಕೆಂಡುಗಳೊಳಗೆ ಆರಂಭವಾಗಬೇಕು. ಪುಸ್ತಕ ತೆರೆದು ನೋಡುವುದಕ್ಕೆ ಅಲ್ಲಿ ಅವಕಾಶವಿಲ್ಲ, ಕೈಗೆ ಅಭ್ಯಾಸವಿರಬೇಕು. ಅಪರೂಪಕ್ಕೆ ಬೇಕಾಗುವ ಕೌಶಲವೇ ಬೇಗ ಮರೆತುಹೋಗುವುದು. ತರಬೇತಿ ಪಡೆದವರಲ್ಲಿಯೂ ಕೆಲವೇ ತಿಂಗಳುಗಳಲ್ಲಿ ಈ ಕೈಚಳಕ ಕುಂದುತ್ತದೆ. ಆದ್ದರಿಂದ ಶಿಶುವಿನ ಗೊಂಬೆಯ ಮೇಲೆ ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ.

ಕೇಂದ್ರ ಸರ್ಕಾರ 2009ರಲ್ಲಿ ಆರಂಭಿಸಿದ 'ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ'ದಲ್ಲಿ ಎರಡು ದಿನಗಳ ಇಂತಹ ತರಬೇತಿ ರೂಪುಗೊಂಡಿತು. ಜಿಲ್ಲಾ ಮಟ್ಟದ ವಿಶೇಷ ನವಜಾತ ಶಿಶು ಘಟಕಗಳ ಸಿಬ್ಬಂದಿಗಾಗಿ ನಾಲ್ಕು ದಿನಗಳ ಪಾಠ, ಅನಂತರ ಎರಡು ವಾರ ದೊಡ್ಡ ಆಸ್ಪತ್ರೆಯಲ್ಲಿದ್ದು ನೋಡಿ ಕಲಿಯುವ ವ್ಯವಸ್ಥೆಯನ್ನು ರೂಪಿಸಲಾಯಿತು.

ಔಷಧದ ಲೆಕ್ಕ

ಮಕ್ಕಳಿಗೆ ಔಷಧವನ್ನು ತೂಕಕ್ಕೆ ತಕ್ಕಂತೆ ಕೊಡಬೇಕು. ಕಿಲೋಗೆ 15 ಮಿಲಿಗ್ರಾಂ ಪ್ರಕಾರ ಹತ್ತು ಕಿಲೋ ತೂಕದ ಮಗುವಿಗೆ ಪ್ಯಾರಾಸಿಟಮಾಲ್ 150 ಮಿಲಿಗ್ರಾಂ. ದಶಮಾಂಶ ಬಿಂದು ಒಂದು ಸ್ಥಾನ ಸರಿದರೆ ಪ್ರಮಾಣ ಹತ್ತು ಪಟ್ಟಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಇಂತಹ ತಪ್ಪನ್ನು ಮರುದಿನ ಸರಿಪಡಿಸಬಹುದು, ಮಗುವಿನ ರಕ್ತನಾಳದಲ್ಲಿ ಆಗದು. ಇಬ್ಬರು ಪ್ರತ್ಯೇಕವಾಗಿ ಲೆಕ್ಕ ಹಾಕಿ ತಾಳೆ ನೋಡುವ ಕ್ರಮವನ್ನು ಕಾರ್ಯಾಗಾರಗಳಲ್ಲಿ ರೂಢಿ ಮಾಡಿಸುತ್ತಾರೆ.

ಹೊಸ ಅರಿವು

ಓದಿದ ಪಾಠವೂ ಬದಲಾಗುತ್ತದೆ. ಕಡಮೆ ತೂಕದ ಶಿಶುವನ್ನು ತಾಯಿಯ ಎದೆಗೆ ಅವಚಿಡುವ 'ಕಾಂಗರೂ ಆರೈಕೆ' 1978ರಲ್ಲಿ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಮೊದಲಾಯಿತು. ಶಿಶುವಿನ ಸ್ಥಿತಿ ಸುಧಾರಿಸಿದ ಮೇಲೆಯೇ ಇದನ್ನು ಆರಂಭಿಸಬೇಕು ಎಂಬ ನಂಬಿಕೆ ಬಹುಕಾಲ ಇತ್ತು. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಫಲಿತಾಂಶ ತೋರಿತು. ಹುಟ್ಟಿದೊಡನೆ ಕಾಂಗರೂ ಆರೈಕೆ ಪಡೆದ ಶಿಶುಗಳಲ್ಲಿ 28 ದಿನಗಳೊಳಗಿನ ಮರಣ ಶೇಕಡಾ 12.0, ಹಳೆಯ ಕ್ರಮದಲ್ಲಿ ಶೇಕಡಾ 15.7. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಆರೈಕೆಯನ್ನು ಸರ್ಕಾರಿ ಆಸ್ಪತ್ರೆಗಳಿಂದ ಮನೆಯವರೆಗೆ ಮುಟ್ಟಿಸುವ ಸಂಶೋಧನೆ ನಡೆದಿದೆ. 2021ಕ್ಕಿಂತ ಮೊದಲು ಓದಿದವರಿಗೆ ಈ ಫಲಿತಾಂಶವನ್ನು ತಿಳಿಸುವುದಕ್ಕೂ, ತಾಯಂದಿರಿಗೆ ಕಲಿಸುವ ಬಗೆಯನ್ನು ಹೇಳಿಕೊಡುವುದಕ್ಕೂ ಇಂತಹ ಸಭೆಗಳೇ ವೇದಿಕೆ.

ಎದೆಹಾಲಿನ ವಿಷಯವೂ ಹಾಗೆಯೇ. ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ತಾಯಿಹಾಲಿನ ಬ್ಯಾಂಕ್ ಸ್ಥಾಪನೆಯಾಯಿತು. ಹಾಲನ್ನು ಶುಚಿಯಾಗಿ ಹಿಂಡಿ ತೆಗೆಯುವುದನ್ನು ಬಾಣಂತಿಗೆ ಸಂಕೋಚ ಕಳೆದು ಕಲಿಸುವ ಕೆಲಸದಲ್ಲಿ ಶುಶ್ರೂಷಕಿಯರ ಪಾತ್ರ ದೊಡ್ಡದು.

ಮನೆಯವರ ಪಾಲು

ಪಾಳಿಗೆ ಬದಲಿ ಸಿಗದಿರುವುದು, ಶುಲ್ಕವನ್ನು ಕೈಯಿಂದ ಕಟ್ಟಬೇಕಾಗುವುದು, ರಜೆಯ ದಿನವೇ ಶಿಬಿರಕ್ಕೆ ಹೋಗಬೇಕಾಗುವುದು ಇವರ ಮುಖ್ಯ ತೊಡಕುಗಳು. ಮನೆಯಲ್ಲಿ ಪುಟ್ಟ ಮಕ್ಕಳಿದ್ದರಂತೂ ಹೇಳುವುದೇ ಬೇಡ. 'ಮತ್ತೆ ತರಬೇತಿಯೇ?' ಎಂದು ಗೊಣಗುವ ಬದಲು ಒಂದು ದಿನದ ಅಡುಗೆ, ಮಕ್ಕಳ ಶಾಲೆಯ ಹೊಣೆಯನ್ನು ಮನೆಯವರು ವಹಿಸಿಕೊಂಡರೆ ಅದು ದೊಡ್ಡ ನೆರವು. ಆಸ್ಪತ್ರೆಗಳ ಆಡಳಿತವೂ ತರಬೇತಿಯ ದಿನವನ್ನು ಕೆಲಸದ ದಿನವೆಂದೇ ಪರಿಗಣಿಸಬೇಕು. ಏಕೆಂದರೆ ಅಂದು ಅಭ್ಯಾಸವಾದದ್ದು ಮುಂದೆ ಯಾವುದೋ ನಡುರಾತ್ರಿಯ ಹೆರಿಗೆಯಲ್ಲಿ ಬೇಕಾಗುತ್ತದೆ.

ಮೇ 12ರ ಅಂತಾರಾಷ್ಟ್ರೀಯ ದಾದಿಯರ ದಿನದ ಆಸುಪಾಸಿನಲ್ಲಿ ಹಾಗೂ ನವೆಂಬರ್ 15ರಿಂದ 21ರವರೆಗಿನ ರಾಷ್ಟ್ರೀಯ ನವಜಾತ ಶಿಶು ಸಪ್ತಾಹದಲ್ಲಿ ಇಂತಹ ಕಾರ್ಯಕ್ರಮಗಳು ನಡೆಯುವುದುಂಟು. ಆಸಕ್ತರು ತಮ್ಮ ಆಸ್ಪತ್ರೆಯ ಶುಶ್ರೂಷಾ ಅಧೀಕ್ಷಕರನ್ನು ಮುಂಚಿತವಾಗಿ ವಿಚಾರಿಸಿ ಹೆಸರು ನೋಂದಾಯಿಸಿಕೊಳ್ಳುವುದು ಸೂಕ್ತ.